ಖಾನಾಪುರವೊಂದನ್ನು ಬಿಟ್ಟು

ಅನಗೋಳ, ಬೆಳಗಾವಿ
೧೭ ಜುಲೈ ೨೦೦೦

ನನ್ನ ಮುದ್ದಿನ ಓಂಕಾರ ಸರ್,

ನಿಮ್ಮ ಪೂರ್ಣಿಮಾಳ ನೂರು ನಮಸ್ಕಾರ, ಸಾವಿರ ಜಗಳ! ಮದುವೆಯಾಗಿ ಎರಡು ತಿಂಗಳೂ ತುಂಬಿಲ್ಲ, ಆಗಲೇ ಆಷಾಢ ನಮ್ಮಿಬ್ಬರ ನಡುವೆ ಬಂದು ಕೂತಿದೆ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅಳಿಯ ಅತ್ತೆಯ ಮನೆಗೆ ಬರಬಾರದು. ಹೀಗಾಗಿ ನಾನು ಇಲ್ಲಿ, ನೀವು ಖಾನಾಪುರದಲ್ಲಿ, ನಡುವೆ ಮುಕ್ಕಾಲು ತಾಸಿನ ದಾರಿ.

ನಾನು ಬಹಳ ಆರಾಮಾಗಿದ್ದೇನೆ. ಅವ್ವ ನನ್ನನ್ನು ಒಲೆಯ ಹತ್ತಿರ ಬಿಡುವುದಿಲ್ಲ. ತಾಟು ಎತ್ತಲು ಹೋದರೂ "ನೀ ಕುಂದರವಾ, ನಾಲ್ಕ ದಿನಾ ಇರಾಕಿ" ಅನ್ನುತ್ತಾಳೆ. ನನ್ನ ಕೋಣೆಯಲ್ಲಿ ಈಗ ಜೋಳದ ಚೀಲಗಳಿವೆ. ಮಂಚದ ಅರ್ಧ ನನಗೆ, ಅರ್ಧ ಅವಕ್ಕೆ. ಗೆಳತಿಯರೆಲ್ಲ ನೌಕರಿಗೆ ಹೋಗುತ್ತಾರೆ. ಮಧ್ಯಾಹ್ನ ನಾನು ಮತ್ತು ಮಳೆ, ಅಷ್ಟೇ. ಎಸ್‌ಟಿಡಿ ಬೂತಿನಿಂದ ನಿಮ್ಮ ಶಾಲೆಗೆ ಫೋನು ಮಾಡಿದರೆ ಹೆಡ್‌ಮಾಸ್ತರರೇ ಎತ್ತುತ್ತಾರೆ. ಅವರಿಗೊಂದು ನಮಸ್ಕಾರ ಹೇಳಿ ಇಟ್ಟುಬಿಡುತ್ತೇನೆ.

ನೆನಪಿದೆಯೇ, ಪೌರನೀತಿಯ ಪಾಠವನ್ನು ಮೊದಲು ನನ್ನೆದುರು ಮಾಡಿ ನೋಡುತ್ತಿದ್ದಿರಿ? ಮೂಲಭೂತ ಹಕ್ಕುಗಳನ್ನು ಇಂಗ್ಲಿಷಿನಲ್ಲಿ ಉರು ಹೊಡೆದವಳು ನಾನು. ಅವು ನನಗೂ ಸೇರಿದವು ಅನ್ನಿಸಿದ್ದು ನಿಮ್ಮ ಬಾಯಿಂದ ಕನ್ನಡದಲ್ಲಿ ಕೇಳಿದಾಗಲೇ. ಮೊನ್ನೆ ಅಪ್ಪನ ಮುಂದೆ ನಿಂತು ವಾದಿಸಿದೆ: ಸಂವಿಧಾನದ ಪ್ರಕಾರ ನಾನು ಭಾರತದಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು, ಎಲ್ಲಿ ಬೇಕಾದರೂ ವಾಸಿಸಬಹುದು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಇರವಾ, ಇಡೀ ಭಾರತದಾಗ ಎಲ್ಲೆರ ಇರು. ಈ ತಿಂಗಳ ಖಾನಾಪುರ ಒಂದ ಬಿಡು" ಅಂದರು. ನಕ್ಕು ನಕ್ಕು ಸಾಕಾಯಿತು. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಅತ್ತೆಯವರ ಮೇಲೆ ನನಗೆ ಸಿಟ್ಟಿಲ್ಲ. ಸೊಸೆ ಅಲ್ಲೇ ಉಳಿದರೆ ಮಗನಿಗೆ ಕೆಡುಕಾದೀತೆಂಬ ಅಂಜಿಕೆ ಅವರಿಗೆ. ಆದರೆ ಅವರು ಬ್ಯಾಗು ತುಂಬಿಕೋ ಅಂದಾಗ ನಾನು ನಿಮ್ಮ ಮುಖ ನೋಡಿದೆ. ನೀವು ಬ್ಯಾಗಿನ ಜಿಪ್ ಎಳೆದುಕೊಟ್ಟಿರಿ. ಹೋಗಲಿ ಬಿಡಿ. ಎರಡು ವಾರದಿಂದ ಒಂದು ಕಾರ್ಡೂ ಬಂದಿಲ್ಲ. ಟೆಸ್ಟ್ ಪೇಪರು ತಿದ್ದುತ್ತಿರಬೇಕು.

ಮತ್ತೆ ಹೊಸದೇನೂ ಇಲ್ಲ. ಶುಕ್ರವಾರ ಕೋಟೆಗೆ ಹೋಗಿ ಕಮಲ ಬಸದಿ ನೋಡಿದೆ. ಕೊಡೆ ಅಲ್ಲೇ ಮರೆತು, ತೊಯ್ದು ಬಂದು, ಅವ್ವನಿಂದ ಬೈಸಿಕೊಂಡೆ.

ಎಲ್ಲಿದ್ದರೂ ನಿಮ್ಮವಳೇ ಆದ
ಪೂರ್ಣಿಮಾ

ತಾ.ಕ.: ಕೋಟೆಗೆ ಹೋಗಿರಲಿಲ್ಲ. ರೈಲು ಹತ್ತಿ ಖಾನಾಪುರಕ್ಕೆ ಬಂದು ನಿಮ್ಮ ತರಗತಿಯ ಕಿಟಕಿಯ ಹೊರಗೆ ನಿಂತಿದ್ದೆ. ಒಬ್ಬ ಹುಡುಗಿ, "ಸರ್, ಹಕ್ಕ ಐತಿ ಅಂತೀರಿ. ಮನ್ಯಾಗಿನವರ ತಡದ್ರ?" ಎಂದು ಕೇಳಿದಳು. ನೀವು ಸೀಮೆಸುಣ್ಣ ಕೆಳಗಿಟ್ಟು, "ಬಾಜೂಕ ಇದ್ದವರು ಬಾಯಿ ತೆರೀಬೇಕವಾ" ಅಂದಿರಿ. ಆ ಬಾಯಿಯನ್ನು ನೀವೇ ತೆರೆಯಬೇಕು ಎಂದು, ಕರೆಯದೆ ತಿರುಗಿ ಬಂದೆ. ಕಿಟಕಿಯ ಸರಳಿಗೆ ಸಿಕ್ಕಿಸಿದ್ದ ನೀಲಿ ಕೊಡೆ ನನ್ನದು. ಬರುವ ಭಾನುವಾರ ಮುಂಜಾನೆ ಅದನ್ನು ಲೋಂಡಾ ಸ್ಟೇಷನ್ನಿಗೆ ತನ್ನಿ. ಅಲ್ಲಿ ನಿಮ್ಮ ಅವ್ವನ ಹೊಸ್ತಿಲೂ ಇಲ್ಲ, ನನ್ನ ಅವ್ವನದೂ ಇಲ್ಲ. ನಾನು ಮನೆಯಲ್ಲಿ ಹೇಳಿಯೇ ಹೊರಡುತ್ತೇನೆ. ನೀವೂ ಯಾರನ್ನು ನೋಡಲು ಹೊರಟಿದ್ದೀರೆಂದು ಅತ್ತೆಯವರಿಗೆ ಹೇಳಿ ಬನ್ನಿ. ಹೇಳಲಾಗದಿದ್ದರೆ ಕೊಡೆ ಆ ಕಿಟಕಿಯಲ್ಲೇ ಇರಲಿ.