ಕೊನೆಯ ಬೆಂಚಿನವಳು ಕೇಳಿದ್ದು

ಅಮ್ಮಾ,

ನೀನು ಇದನ್ನು ಓದುವುದಿಲ್ಲ ಎಂದು ಗೊತ್ತು. ಆದರೂ ಕೈಗಂಟಿದ ಸೀಮೆಸುಣ್ಣ ಕೂಡ ತೊಳೆಯದೆ ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನೀನು ಹೋದ ಮೇಲೆ ಸಂಜೆ ನನಗೆ ಫೋನು ಮಾಡುವವರೂ ಇಲ್ಲ.

"ಇವತ್ತು ಮಕ್ಕಳು ಏನಾದ್ರೂ ಕೇಳಿದ್ರಾ?" ಎಂದು ನೀನು ದಿನಾ ವಿಚಾರಿಸುತ್ತಿದ್ದೆ. "ಮಾರ್ಕ್ಸ್ ಬಿಟ್ಟು ಇನ್ನೇನು ಕೇಳ್ತಾರಮ್ಮ, ಇಡು ಫೋನು" ಎನ್ನುತ್ತಿದ್ದೆ ನಾನು.

ಇವತ್ತು ಸೆಮಿಸ್ಟರಿನ ಕೊನೆಯ ತರಗತಿ. ಇಂಟರ್ನಲ್ಸ್ ಮಾರ್ಕ್ಸ್ ಯಾವಾಗ ಹಾಕ್ತೀರಿ, ಗ್ರೇಡು ಸ್ವಲ್ಪ ಏರಿಸ್ತೀರಾ, ಇದನ್ನು ಓದಿದ್ರೆ ಕೆಲಸ ಸಿಗುತ್ತಾ? ಎಲ್ಲಕ್ಕೂ ಪಟಪಟನೆ ಉತ್ತರ ಕೊಟ್ಟೆ. ಆಗ, ಇಷ್ಟು ದಿನ ತುಟಿ ಪಿಟಕ್ಕೆನ್ನದೆ ಕೊನೆಯ ಬೆಂಚಿನಲ್ಲಿ ಕೂತಿದ್ದವಳು ಎದ್ದು ನಿಂತಳು.

"ಮೇಡಂ, ನಿಮ್ ಥರ ಪಾಠ ಮಾಡ್ಬೇಕು ಅಂದ್ರೆ ನಾನೇನ್ ಮಾಡ್ಬೇಕು?"

"ಮೊದ್ಲು ಸಂಬಳ ಎಷ್ಟು ಅಂತ ಕೇಳೇ" ಎಂದಳು ಪಕ್ಕದವಳು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಎಂ.ಎ., ಪಿಎಚ್‌ಡಿ ಎಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಬಾಯಿಂದ ಬಂದದ್ದೇ ಬೇರೆ.

"ಸಂಜೆ ನಿಮ್ಮಮ್ಮ ಇವತ್ತೇನು ಪಾಠ ಆಯ್ತು ಅಂತ ಕೇಳ್ತಾರಲ್ಲ, ಕೂತ್ಕೊಂಡು ಪೂರ್ತಿ ಹೇಳು. ಅವರಿಗೆ ಅರ್ಥ ಆಗೋ ತನಕ ಹೇಳು."

ಪರೀಕ್ಷೆಗೆ ಬರುವ ಪ್ರಶ್ನೆಯೆಂಬಂತೆ ಅವಳು ಅದನ್ನು ಬರೆದುಕೊಂಡಳು.

ಹೂಂ ಅಮ್ಮ, ಇವತ್ತು ಕೇಳಿದ್ರು. ಫೋನು ಇಡಬೇಡ, ಪೂರ್ತಿ ಹೇಳ್ತೀನಿ.