ನಸೀಬಾಳ ವಿಟಮಿನ್

ನವೆಂಬರ್ 3, ಸೋಮವಾರ. ಬೆಳಿಗ್ಗೆ

ಚಹಾ ಆಯಿತು. ಹೆಂಡತಿ ನಸೀಬಾಳಿಗೆ ಮಾತ್ರೆ ಕೊಟ್ಟೆ. ಸ್ಟ್ರಿಪ್ಪಿನಿಂದ ಮೊದಲೇ ಬಿಡಿಸಿ ಹಳೆಯ ವಿಟಮಿನ್ ಡಬ್ಬಿಗೆ ತುಂಬಿಸಿಟ್ಟಿದ್ದೇನೆ. ಹೆಸರು ಓದಬಾರದಲ್ಲ.

“ಇದು ಎಂತ ವಿಟಮಿನ್? ಬಾಯಿಯೆಲ್ಲ ಹುಣ್ಣು.”

“ವಿಟಮಿನ್ ಸಿ” ಎಂದೆ. ಸುಳ್ಳಲ್ಲ. ಕ್ಯಾನ್ಸರ್ ಶುರುವಾಗುವುದೂ ಅದೇ ಅಕ್ಷರದಿಂದ.

ಜುಲೈಯಲ್ಲಿ ಮಂಗಳೂರಿನಲ್ಲಿ ಕರುಳಿನ ಆಪರೇಷನ್. ಅವಳಿಗೆ ಹೇಳಿದ್ದು — ಸಾದಾ ಗಡ್ಡೆ, ತೆಗೆದಾಯಿತು. ನಮ್ಮಲ್ಲಿ ಹೀಗೆಯೇ. ರೋಗಿ ಒಳಗೆ ಕೂರಬೇಕು, ರೋಗದ ಹೆಸರನ್ನು ಮನೆಯವರು ವರಾಂಡದಲ್ಲಿ ಕೇಳಬೇಕು. ಹೆಸರಿನಲ್ಲೇ ನಸೀಬು ಇಟ್ಟುಕೊಂಡವಳು. ಅದರ ಸುದ್ದಿ ಮಾತ್ರ ಅವಳಿಗಿಲ್ಲ.

ನವೆಂಬರ್ 7

ಮಂಗಳೂರಿಗೆ ಹೋಗಿ ಬಂದೆವು. ತೋಡಾರಿನಿಂದ ಮಗಳು ಸಮೀನಾ ಜೊತೆಗೆ ಬಂದಿದ್ದಳು. ನಸೀಬಾಳನ್ನು ಕುರ್ಚಿಯಲ್ಲಿ ಕೂರಿಸಿ ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದರು.

“ಈ ಮಾತ್ರೆ ತಗೊಳ್ಳುವಾಗ ಜ್ವರ ಬಂದ್ರೆ ಕಾಯಬಾರ್ದು. ಅದೇ ದಿನ ಆಸ್ಪತ್ರೆ. ಯಾವ ಊರಿದ್ದಾದರೂ ಸರಿ. ರೆಕಾರ್ಡ್ ಎಲ್ಲ ಮೊಬೈಲಲ್ಲಿ ಉಂಟು, ಅವರಿಗೆ ತೋರಿಸಿ.”

ಮೊಬೈಲ್ ಎಂದರೆ ನನ್ನದು. ನಸೀಬಾಳದ್ದು ಗುಂಡಿ ಒತ್ತುವ ಫೋನು. ಅವಳ ಆಸ್ಪತ್ರೆ ರೆಕಾರ್ಡಿನ ಖಾತೆ ನನ್ನ ನಂಬರಿನಲ್ಲಿ. ಬೇರೆ ಆಸ್ಪತ್ರೆಯವರು ಕೇಳಿದರೆ ನಾನು ಒಪ್ಪಿಗೆ ಒತ್ತಬೇಕು, ಅಲ್ಲಿಯ ಕಂಪ್ಯೂಟರಿನಲ್ಲಿ ಎಲ್ಲ ತೆರೆದುಕೊಳ್ಳುತ್ತದೆ. ಅದಕ್ಕೊಂದು ಓಟಿಪಿ. ಒಟ್ಟು ಪೀಕಲಾಟ.

“ಉಪ್ಪ, ಉಮ್ಮನ ಎದುರು ಮಾತ್ರ ಅದನ್ನು ತೆರೀಬೇಡಿ” ಎಂದಳು ಸಮೀನಾ.

ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದಾಗ ಎಷ್ಟು ಜನರನ್ನು ಮಂಗ ಮಾಡಿಲ್ಲ ನಾನು. ಕಂಡಕ್ಟರ್ ಧನರಾಜನ ವಿಸಿಲಿಗೆ ಮೆಣಸಿನ ಪುಡಿ ಹಾಕಿದವ. ಅವನೂ ಆಮೇಲೆ ನಕ್ಕಿದ್ದ. ಈ ತಮಾಷೆಗೆ ಆಮೇಲೆ ನಗುವವರು ಯಾರು…

ನವೆಂಬರ್ 16, ಭಾನುವಾರ. ಸಂಜೆ, ಉಜಿರೆ

ತಮ್ಮನ ಮೊಮ್ಮಗಳು ರಿಫಾಳ ಮದುವೆ. ಮಾತ್ರೆಯ ಕಾವಿಗೆ ನಸೀಬಾಳ ಅಂಗೈ ಕೆಂಪು. ತಮ್ಮನ ಹೆಂಡತಿ ಅವ್ವಮ್ಮ ಹಿಡಿದು ನೋಡಿ, “ಮದುಮಗಳಿಗಿಂತ ನಿಮ್ಮ ಮೆಹಂದಿಯೇ ಜೋರುಂಟಲ್ಲ” ಎಂದಳು. ಎಲ್ಲರೂ ನಕ್ಕರು. ನಾನೂ.

ಊಟದ ಹೊತ್ತಿಗೆ ಚಳಿ ಹಿಡಿಯಿತು ಅವಳಿಗೆ. ಮೈ ಸುಡುತ್ತಿತ್ತು. ರಿಕ್ಷಾ ಮಾಡಿ ಹತ್ತಿರದ ಆಸ್ಪತ್ರೆಗೆ. ಡಾಕ್ಟರಮ್ಮ ಚಿಕ್ಕ ಪ್ರಾಯ. ಕಂಪ್ಯೂಟರಿನ ಪರದೆ ರೋಗಿಗೂ ಕಾಣುವ ಹಾಗೆ ಇಟ್ಟುಕೊಂಡಿದ್ದಾರೆ.

“ಬೇರೆ ಕಾಯಿಲೆ ಉಂಟಾ ಅಮ್ಮ? ಮಾತ್ರೆ ಏನಾದ್ರೂ?”

“ಒಂದು ಗಡ್ಡೆ ಇತ್ತು, ತೆಗೆದಾಯ್ತು. ಈಗ ವಿಟಮಿನ್ ಮಾತ್ರ.”

“ಹಳೇ ರಿಪೋರ್ಟ್ ನೋಡುವ. ಅಜ್ಜ, ನಿಮ್ಮ ಮೊಬೈಲಿಗೆ ರಿಕ್ವೆಸ್ಟ್ ಹಾಕಿದ್ದೇನೆ. ಓಕೆ ಕೊಡಿ, ಇಲ್ಲೇ ಬರ್ತದೆ.”

ಬಂತು. ಎರಡು ಗುಂಡಿ — ಒಪ್ಪಿಗೆ, ನಿರಾಕರಣೆ. ಒಪ್ಪಿದರೆ ಆ ಪರದೆಯ ತಲೆಯಲ್ಲೇ ಕ್ಯಾನ್ಸರ್ ಎಂದು ಬರುತ್ತದೆ. ನಸೀಬಾಳಿಗೆ ಅಷ್ಟು ಇಂಗ್ಲಿಷ್ ಕೂಡಿಸಿ ಓದಲು ಬರುತ್ತದೆ. ಡಾಕ್ಟರಮ್ಮನನ್ನು ಹೊರಗೆ ಕರೆಯೋಣ ಎಂದರೆ ಇವಳು ನನ್ನ ಅಂಗಿಯ ತುದಿ ಹಿಡಿದು ಕೂತಿದ್ದಾಳೆ. ಒಂದು ರಾತ್ರಿ ತಾನೇ. ನಾಳೆ ಬೆಳಿಗ್ಗೆಯೇ ಮಂಗಳೂರಿಗೆ ಹೋದರಾಯಿತು…

ನಿರಾಕರಣೆ ಒತ್ತಿದೆ.

“ಡಾಕ್ಟ್ರೇ, ಈ ಮೊಬೈಲಿಗೆ ನನಗಿಂತ ಪ್ರಾಯ ಆಯ್ತು. ಕಿವಿಯೂ ಕೇಳುದಿಲ್ಲ, ಕಣ್ಣೂ ಕಾಣುದಿಲ್ಲ.”

ನಕ್ಕರು. ವೈರಲ್ ಇರಬೇಕೆಂದು ಜ್ವರದ ಮಾತ್ರೆ ಬರೆದುಕೊಟ್ಟರು. ನಾಳೆಗೂ ಬಿಡದಿದ್ದರೆ ರಕ್ತ ಪರೀಕ್ಷೆ ಮಾಡುವ ಎಂದರು.

ನವೆಂಬರ್ 19, ಮಂಗಳೂರು

ಸೋಮವಾರ ಬೆಳಗಾಗುವಾಗ ನಸೀಬಾಳಿಗೆ ನನ್ನ ಗುರುತು ಸಿಗಲಿಲ್ಲ. ಆಂಬುಲೆನ್ಸ್. ಐಸಿಯು.

ವರಾಂಡದಲ್ಲಿ ಡಾಕ್ಟರು: “ಮಾತ್ರೆಯಿಂದ ರಕ್ತದ ಬಿಳಿಕಣ ಇಳಿದಿತ್ತು. ಸೋಂಕು ಮೈಯೆಲ್ಲ ಹಬ್ಬಿದೆ. ಉಜಿರೆಯಲ್ಲಿ ರೆಕಾರ್ಡ್ ನೋಡಿದ್ರೆ ಅಲ್ಲಿಂದಲೇ ಕಳಿಸ್ತಿದ್ರು. ತೋರಿಸ್ಲಿಲ್ವಾ?”

“ನೆಟ್‌ವರ್ಕ್ ಇರ್ಲಿಲ್ಲ” ಎಂದೆ.

“ಆ ಊರಿನ ನೆಟ್‌ವರ್ಕಿಗೆ ಬೆಂಕಿ ಬೀಳ್ಲಿ” ಎಂದು ಅತ್ತಳು ಸಮೀನಾ. ನಂಬಿದ್ದಾಳೆ.

ನವೆಂಬರ್ 23

ಕಣ್ಣು ಬಿಟ್ಟಿದ್ದಾಳೆ. ಮಾತು ಉಂಟು, ಸ್ವರ ಇಲ್ಲ. ಬಾಯಿಯ ಹತ್ತಿರ ಕಿವಿ ಇಟ್ಟೆ.

“ಸಮೀನಾ ಹೇಳಿದ್ಳು… ನೆಟ್‌ವರ್ಕ್ ಇರ್ಲಿಲ್ಲವಂತೆ.”

“ಹೌದು.”

“ನಿಮ್ಮ ಹೆಬ್ಬೆರಳು ಒತ್ತಿದ್ದು ನಾನು ನೋಡಿದ್ದೇನೆ.”

ನರ್ಸ್ ಬಂದು ಏನೋ ಬದಲಿಸಿ ಹೋದಳು. ಅಷ್ಟು ಹೊತ್ತೂ ನಸೀಬಾ ನನ್ನನ್ನೇ ನೋಡುತ್ತಿದ್ದಳು.

“ಎಂತ ಅಡಗಿಸಿದ್ದು ನೀವು?”

ನಾಲಿಗೆಯ ತುದಿಗೆ ಒಂದು ತಮಾಷೆ ಬಂತು. ಇಷ್ಟು ವರ್ಷದ ಚಾಳಿ, ಕರೆಯದೆಯೂ ಬರುತ್ತದೆ. ನುಂಗಿದೆ. ನಾಳೆ ಹೇಳ್ತೇನೆ ಎಂದೆ.

ನವೆಂಬರ್ 24

ಇವತ್ತೂ ಹೇಳಲಿಲ್ಲ.

ನವೆಂಬರ್ 26

ಕಿಡ್ನಿ ಕೈ ಕೊಡುತ್ತಿದೆಯಂತೆ. ಡಯಾಲಿಸಿಸ್ ಮಾಡಿದರೂ ಭರವಸೆ ಇಲ್ಲ. ಇದನ್ನೂ ವರಾಂಡದಲ್ಲೇ ಹೇಳಿದರು.

“ಈಗ ಹೇಳ್ಬೇಡಿ ಉಪ್ಪ. ಉಮ್ಮ ತಡ್ಕೊಳ್ಳಿಕ್ಕಿಲ್ಲ.”

“ಇಷ್ಟು ದಿನ ತಡ್ಕೊಳ್ಳದೆ ಇದ್ದದ್ದು ನಾವು, ಮಗಳೇ.”

ಒಳಗೆ ಒಬ್ಬರಿಗೇ ಪ್ರವೇಶ. ನಾನು ಹೋದೆ. ಮೊಬೈಲ್ ತೆಗೆದು ಅವಳ ಕಣ್ಣೆದುರೇ ಆ ಖಾತೆ ತೆರೆದೆ.

“ಓದಿ.”

ಹೆಸರು ಓದಿದೆ. ಪ್ರಾಯ ಓದಿದೆ.

“ನಾಲ್ಕು ವರ್ಷ ಜಾಸ್ತಿ ಹಾಕಿದ್ದಾರೆ” ಎಂದಳು.

ಮುಂದಿನ ಸಾಲು ಇಂಗ್ಲಿಷಿನಲ್ಲಿ ಇದ್ದ ಹಾಗೆಯೇ ಓದಿದೆ. ವೇಗವಾಗಿ.

“ನಮ್ಮ ಭಾಷೆಯಲ್ಲಿ ಹೇಳಿ. ತಮಾಷೆ ಬೇಡ.”

ಬಗ್ಗಿದೆ. ಕೈ ಹಿಡಿದುಕೊಂಡೆ. ಇನ್ನೂ ಕೆಂಪಾಗಿಯೇ ಇತ್ತು. ನಸೀಬಾ, ಎಂದೆ, ಜುಲೈಯಲ್ಲಿ ನಿನ್ನ ಕರುಳಿನಿಂದ ತೆಗೆದದ್ದು ಸಾದಾ ಗಡ್ಡೆ ಅಲ್ಲ, ಕ್ಯಾನ್ಸರ್.