ತೌಡಿನ ಮಡಕೆಯ ನೆಂಟಸ್ತಿಕೆ

ಕೊಕುರಾ,
ನವೆಂಬರ್ ೯

ಪ್ರೀತಿಯ ಅಮ್ಮಾ,

ಫೋನಿನಲ್ಲಿ ಕೇಳೋಣವೆಂದರೆ ಪಕ್ಕದಲ್ಲಿ ಅಪ್ಪ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನನಗಂತೂ ತಲೆ ಚಿಟ್ಟು ಹಿಡಿದುಹೋಗಿದೆ.

ನನ್ನ ನಿಶ್ಚಿತಾರ್ಥದ ಊಟದಲ್ಲಿ ನಮ್ಮ ಸುಮಿಯೆ ಅತ್ತೆ ನಿನ್ನ ಅಕ್ಕಿ ತೌಡಿನ ಮಡಕೆಯಲ್ಲಿ ಹೂತಿಟ್ಟು ಹುಳಿಬಂದ ಸೌತೆಕಾಯಿ ಕಚ್ಚಿ, "ಅತ್ತಿಗೆ, ಇದು ನಮ್ಮಮ್ಮ ನಿಮಗೆ ಕೊಟ್ಟ ತೌಡಲ್ಲ ಬಿಡಿ. ಹುಡುಗಿ ಗಂಡನ ಮನೆಗೆ ನನ್ನ ಮಡಕೆಯಿಂದ್ಲೇ ಒಂದು ಹಿಡಿ ಹೆಪ್ಪಿಗೆ ಒಯ್ಯಲಿ" ಅಂದರಲ್ಲ, ಅದು ಸುಳ್ಳೆಂದು ತೋರಿಸಲೇಬೇಕೆಂದು ಆಗಲೇ ತೀರ್ಮಾನಿಸಿದೆ. ನಾನು ಪ್ರಯೋಗಾಲಯದಲ್ಲಿರುವುದು ಮತ್ಯಾಕೆ? ಅತ್ತೆಯದು, ನಿನ್ನದು, ನಿಮ್ಮಿಬ್ಬರಿಗೂ ತೌಡು ಕೊಟ್ಟ ಹಿತ್ತಿಲ ಮನೆಯ ಅಜ್ಜಿಯದು, ಮೂರೂ ಮಡಕೆಗಳಿಂದ ಹುಳಿ ಬರಿಸುವ ಬ್ಯಾಕ್ಟೀರಿಯಾ ಬೇರ್ಪಡಿಸಿ ಬಗೆಬಗೆಯ ಸಕ್ಕರೆ ತಿನ್ನಿಸಿದೆ. ಸಕ್ಕರೆ ಹುಳಿಯಾದರೆ ಸೀಸೆಯಲ್ಲಿನ ನೇರಳೆ ಬಣ್ಣದ ನೀರು ಹಳದಿಯಾಗುತ್ತದೆ. ಮೂವತ್ತು ಡಿಗ್ರಿಯಲ್ಲಿ ಎಲ್ಲವೂ ಹಳದಿ! ಕುಣಿದಾಡಿ ಅತ್ತೆಗೆ ಫೋನ್ ಮಾಡಿ, "ಎಲ್ಲಾ ಒಂದೇ ಮನೆತನದ್ದು, ಸೋತಿರಿ" ಅಂದುಬಿಟ್ಟೆ.

ನಮ್ಮ ಪ್ರಯೋಗಾಲಯದ ಮೇಲಧಿಕಾರಿ ಹಿರಾನೊ ನಕ್ಕರು. "ಹಿತವಾದ ಬಿಸಿಯಲ್ಲಿ ಎಲ್ರೂ ನೆಂಟರೇ ಕಣಮ್ಮ. ಸ್ವಲ್ಪ ಕಷ್ಟ ಕೊಟ್ಟು ನೋಡು" ಅಂದರು. ಮೂವತ್ತೇಳಕ್ಕೆ ಏರಿಸಿದೆ. ಅತ್ತೆಯದು ಆಗಲೂ ಹಳದಿ. ನಿನ್ನದು ಎರಡು ಸಕ್ಕರೆಗಳನ್ನು ಮುಟ್ಟಲೇ ಇಲ್ಲ, ನೇರಳೆಯಾಗಿಯೇ ಉಳಿಯಿತು. ಮತ್ತೆ ಮಾಡಿದೆ, ಅದೇ ಕಥೆ: ಎರಡೂ ಬೇರೆ ಬೇರೆ ಮನೆತನದವೇ.

ಅನುಮಾನ ಬಂದು ಯಾನಗಾವಾದ ಮಾವನಿಂದ ನಿನ್ನ ತವರಿನ ತೌಡು ತರಿಸಿದೆ. ಥೇಟ್ ನಿನ್ನದರ ಹಾಗೆಯೇ! ಅಜ್ಜಿ ಕೊಟ್ಟದ್ದು ಕೆಟ್ಟುಹೋಗಿತ್ತೇನಮ್ಮಾ? ಸದ್ದಿಲ್ಲದೆ ತವರಿನಿಂದ ತಂದು ತುಂಬಿದೆಯಾ? ಅದಕ್ಕೇ ಅವತ್ತು ಅಡುಗೆಮನೆಗೆ ಎದ್ದುಹೋದೆಯಾ? ಬೈಯುತ್ತಿಲ್ಲ. ನನಗೆ ನಿನ್ನ ತೌಡೇ ಬೇಕು, ಆದರೆ ಅಜ್ಜಿಗೆ ಗೊತ್ತಾದರೆ ಏನು ಗತಿ?

ಇನ್ನೊಂದು ನನಗೆ ಬಗೆಹರಿಯುತ್ತಲೇ ಇಲ್ಲ. ಅತ್ತೆ ಮದುವೆಯಲ್ಲಿ ಒಯ್ದದ್ದು ಅಜ್ಜಿಯ ತೌಡು ತಾನೇ? ಅವರಿಬ್ಬರದೂ ಒಂದೇ ಇರಬೇಕಿತ್ತು. ಅಜ್ಜಿಯದು ನಿನ್ನದರ ಹಾಗೆ ನೇರಳೆ! ನಿನ್ನ ತವರಿನ ಹುಳಿ ಅಜ್ಜಿಯ ಮಡಕೆಗೆ ಹೇಗೆ ಹೋಯಿತು? ನಾನೇ ಸೀಸೆ ಅದಲುಬದಲು ಮಾಡಿದೆನೇನೋ ಎಂದು ಎಲ್ಲ ಮೊದಲಿನಿಂದ ಮಾಡಿದೆ. ಬದಲಾಗಲಿಲ್ಲ. ನಿನಗೇನಾದರೂ ಗೊತ್ತೇ?

ದಾರಿ ಕಾಣದೆ ಕೂತಿರುವ ನಿನ್ನ ಮಗಳು,
ಚಿನಾತ್ಸು

ತಾ.ಕ.: ಲಕೋಟೆ ಅಂಟಿಸುವ ಮೊದಲು ತಡೆಯಲಾರದೆ ಅಜ್ಜಿಗೇ ಫೋನ್ ಮಾಡಿ ಕೇಳಿದೆ. ನಿನ್ನ ತವರಿನ ಮಾತು ಎತ್ತಲಿಲ್ಲ. ಅವರು ದನಿ ತಗ್ಗಿಸಿ ಹೇಳಿದ್ದಿಷ್ಟು: "ನಾನು ಆಸ್ಪತ್ರೆ ಸೇರಿದ ಬೇಸಿಗೇಲಿ ಕೈಯಾಡಿಸೋರಿಲ್ಲದೆ ನನ್ನ ತೌಡು ಕೆಟ್ಟು ನಾರ್ತಿತ್ತು ಕಣೇ. ನಿಮ್ಮಮ್ಮ ಸ್ನಾನಕ್ಕೆ ಹೋದಾಗ ಅವಳ ಮಡಕೆಯಿಂದ ಎರಡು ಹಿಡಿ ಕದ್ದೆ. ಅವಳಿಗೆ ಹೇಳ್ಬೇಡ, ಸೊಸೆ ಮುಂದೆ ಮಾನ ಹೋಗುತ್ತೆ. ಸುಮಿಯೆ ಬಾಯಿ ನಾನು ಮುಚ್ಚಿಸ್ತೀನಿ, ನೀನು ನಿಮ್ಮಮ್ಮನ ತೌಡೇ ಒಯ್ಯಿ. ನಮ್ಮನೆ ರುಚಿ ಉಳಿಸ್ಕೊಂಡಿರೋಳು ಅವಳೊಬ್ಬಳೇ."